ಕುಕೀಗಳೂ ನಮ್ಮ ಸಮ್ಮತಿಯೂ

೨೦೨೫ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳನ್ನು ಪ್ರಕಟಿಸಿತು. ಮೂಲ ಕಾಯಿದೆಯು ೨೦೨೩ರಲ್ಲಿಯೇ ಅಂಗೀಕೃತವಾಗಿತ್ತು. ಅದರ ಮುಖ್ಯ ಕಲಮುಗಳಿಗೆ ಈ ನಿಯಮಗಳು ಮತ್ತೆ ಹದಿನೆಂಟು ತಿಂಗಳ ವಾಯಿದೆಯನ್ನು ಕೊಟ್ಟವು. ಜಾಲತಾಣಗಳಲ್ಲಿ ಸಾಮಾನ್ಯ ನಾಗರಿಕನ ಬೆನ್ನು ಹತ್ತಿ ಬರುವ ಜಾಹೀರಾತಿನ ಕುಕೀಗಳ ವಿಷಯದಲ್ಲಿ ಈ ಕಾಯಿದೆಯು ಎಷ್ಟರಮಟ್ಟಿಗೆ ಪ್ರಯೋಜನಕ್ಕೆ ಬಂದೀತೆಂಬುದನ್ನು ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಹೆಸರು ತಿನಿಸಿನದಾದರೂ ವಸ್ತುವು ಒಂದು ಗುರುತಿನ ಚೀಟಿ. ೧೯೯೪ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ತಂತ್ರಜ್ಞರು ಇದನ್ನು ನಿರ್ಮಿಸಿದರು. ಅಂಗಡಿಗೆ ಬಂದ ಗಿರಾಕಿಯು ಬುಟ್ಟಿಯಲ್ಲಿ ಏನನ್ನು ಇಟ್ಟಿದ್ದನೆಂಬುದನ್ನು ಅಂಗಡಿಯು ಮರೆಯದಂತೆ ಮಾಡುವುದೇ ಮೊದಲಿನ ಉದ್ದೇಶವಾಗಿತ್ತು. ಇದರಲ್ಲಿ ದೋಷವೇನೂ ಇಲ್ಲ. ಒಂದು ತಾಣವು ಇಟ್ಟ ಚೀಟಿಯನ್ನು ಆ ತಾಣವೇ ಓದತಕ್ಕದ್ದು. ಆದರೆ ಪುಟದ ಅಂಚಿನಲ್ಲಿ ಕಾಣುವ ಜಾಹೀರಾತು ಬಹುಮಟ್ಟಿಗೆ ಆ ತಾಣದ್ದಲ್ಲ. ಅದು ಬೇರೊಂದು ಕಂಪನಿಯ ಯಂತ್ರದಿಂದ ಬರುತ್ತದೆ, ಮತ್ತು ಬರುವಾಗ ತನ್ನದೂ ಒಂದು ಚೀಟಿಯನ್ನು ನಮ್ಮ ಯಂತ್ರದಲ್ಲಿ ಇಟ್ಟುಹೋಗುತ್ತದೆ. ಬೆಳಿಗ್ಗೆ ವೃತ್ತಪತ್ರ, ಮಧ್ಯಾಹ್ನ ಸಿಹಿಮೂತ್ರ ರೋಗದ ಔಷಧದ ಬೆಲೆ, ರಾತ್ರಿ ಸಾಲದ ಬಡ್ಡಿಯ ದರ: ಇವನ್ನು ನೋಡಿದವನು ಮೂರು ಮನೆಗಳನ್ನು ಹೊಕ್ಕನು. ಆ ಮನೆಯವರು ಒಬ್ಬರನ್ನೊಬ್ಬರು ಅರಿಯರು. ಆದರೆ ಮೂರು ಬಾಗಿಲಲ್ಲಿಯೂ ಖಾತೆಯ ಪುಸ್ತಕ ಹಿಡಿದು ನಿಂತವನು ಒಬ್ಬನೇ!

ಪುಸ್ತಕದಲ್ಲಿ ಇರುವುದು ಬರಿಯ ಅಂಕಿ, ಹೆಸರಲ್ಲ ಎಂದು ಜಾಹೀರಾತಿನವರು ಸಮಾಧಾನ ಹೇಳುತ್ತಾರೆ. ಅಂಕಿಗೆ ಹೆಸರು ಜೋಡಿಸುವುದು ಎಷ್ಟರ ಕೆಲಸ? ೧೯೯೯ರಲ್ಲಿ ಅಮೆರಿಕೆಯ ಡಬಲ್‌ಕ್ಲಿಕ್ ಎಂಬ ಜಾಹೀರಾತು ಕಂಪನಿಯು, ಅಂಚೆಯ ಮೂಲಕ ಸಾಮಾನು ತರಿಸುವವರ ಹೆಸರು ವಿಳಾಸಗಳನ್ನು ಶೇಖರಿಸಿದ್ದ ಅಬಾಕಸ್ ಎಂಬ ಸಂಸ್ಥೆಯನ್ನು ಕೊಂಡು, ಎರಡು ದಫ್ತರಗಳನ್ನೂ ಒಂದುಗೂಡಿಸಲು ಹವಣಿಸಿತು. ಜನರ ಕೂಗು ಎದ್ದುದರಿಂದ ೨೦೦೦ದಲ್ಲಿ ಆ ಹಂಚಿಕೆಯನ್ನು ಕೈಬಿಡಬೇಕಾಯಿತು. ಅದೇ ಡಬಲ್‌ಕ್ಲಿಕ್ ೨೦೦೮ರಲ್ಲಿ ಗೂಗಲ್ ಕಂಪನಿಯ ಕೈಸೇರಿತು.

ಮೂರನೆಯವರ ಕುಕೀಗಳನ್ನು ಬ್ರೌಸರುಗಳು ತಾವಾಗಿ ಒಪ್ಪಬಾರದೆಂದು ೧೯೯೭ರಷ್ಟು ಹಿಂದೆಯೇ ಅಂತರ್ಜಾಲದ ತಾಂತ್ರಿಕ ನಿಬಂಧನೆಯಲ್ಲಿ ಬರೆಯಲಾಗಿತ್ತು. ಅಂದಿನ ದೊಡ್ಡ ಬ್ರೌಸರುಗಳನ್ನು ಮಾಡಿದವರು ಅದನ್ನು ಲಕ್ಷಿಸಲಿಲ್ಲ. ಬಹುಕಾಲದ ಮೇಲೆ ೨೦೧೯ರಲ್ಲಿ ಫೈರ್‌ಫಾಕ್ಸ್ ಬೆನ್ನಟ್ಟುವ ಕುಕೀಗಳನ್ನು ತಡೆಯಿತು. ೨೦೨೦ರಲ್ಲಿ ಸಫಾರಿಯು ಮೂರನೆಯವರ ಕುಕೀಗಳಿಗೆ ಪೂರ್ತಿಯಾಗಿ ಬಾಗಿಲು ಹಾಕಿತು. ಗೂಗಲ್ ತನ್ನ ಕ್ರೋಮ್‌ನಲ್ಲಿ ಎರಡು ವರ್ಷಗಳೊಳಗೆ ಹಾಗೆಯೇ ಮಾಡುವೆನೆಂದು ೨೦೨೦ರ ಜನವರಿಯಲ್ಲಿ ವಚನವಿತ್ತು, ಮೂರು ಸಲ ವಾಯಿದೆ ಮುಂದೂಡಿ, ೨೦೨೪ರ ಜುಲೈಯಲ್ಲಿ ಆ ವಚನವನ್ನೇ ಹಿಂತೆಗೆದುಕೊಂಡಿತು. ಬಳಕೆದಾರನನ್ನು ಹೊಸದಾಗಿ ಕೇಳುವ ಏರ್ಪಾಟೂ ಇಲ್ಲವೆಂದು ೨೦೨೫ರ ಏಪ್ರಿಲ್‌ನಲ್ಲಿ ಸಾರಿತು. ಈ ನಿಷೇಧದಿಂದ ಚಿಕ್ಕ ಜಾಹೀರಾತುಗಾರರು ಸೊರಗಿ ಗೂಗಲ್ ಇನ್ನಷ್ಟು ಬಲಿಯಬಹುದೆಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಶಂಕಿಸಿದ್ದುಂಟು. ಆ ಶಂಕೆ ನಿರಾಧಾರವೆಂದು ನಾವು ಹೇಳಲಾರೆವು. ಆದರೂ ಜಾಹೀರಾತಿನ ಲಾಭವನ್ನು ಉಣ್ಣುವವನ ಕೈಯಲ್ಲಿಯೇ ಬಾಗಿಲ ಕೀಲಿಕೈ ಇರುವುದು ಸರ್ವಥಾ ಉಚಿತವಲ್ಲ.

ಜಾಹೀರಾತೇ ಬೇಡವೆಂಬುದು ನಮ್ಮ ವಾದವಲ್ಲ. ನಾವೂ ಅದರಿಂದಲೇ ಬದುಕುವವರು. ಆದರೆ ಕಾಗದದ ಮೇಲಿನ ಜಾಹೀರಾತು ತನ್ನನ್ನು ಓದಿದವನನ್ನು ತಿರುಗಿ ಓದುವುದಿಲ್ಲ.

ಇನ್ನು ಸಮ್ಮತಿಯ ಮಾತು. ಮೊದಲೇ ಗುರುತು ಹಾಕಿಟ್ಟ ಚೌಕವು ಸಮ್ಮತಿಯಲ್ಲವೆಂದು ೨೦೧೯ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ತೀರ್ಪಿತ್ತಿತು. ಒಪ್ಪುವುದಕ್ಕೆ ಒಂದೇ ಗುಂಡಿ, ನಿರಾಕರಿಸುವುದಕ್ಕೆ ಹಲವು ಮೆಟ್ಟಿಲು ಇಟ್ಟದ್ದಕ್ಕಾಗಿ ಫ್ರಾನ್ಸಿನ ಅಧಿಕಾರಿಗಳು ಗೂಗಲ್‌ಗೆ ೧೫ ಕೋಟಿ ಯೂರೋ, ಫೇಸ್‌ಬುಕ್ಕಿಗೆ ೬ ಕೋಟಿ ಯೂರೋ ದಂಡ ವಿಧಿಸಿದ್ದು ೨೦೨೨ರ ಜನವರಿಯಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಏಕಮತದಿಂದ ಸಾರಿದರು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ೨೦೨೩ರ ಕಾಯಿದೆಯಲ್ಲಿ ಕುಕೀ ಎಂಬ ಶಬ್ದವೇ ಇಲ್ಲ. ಆದರೂ ಸಮ್ಮತಿಯು ಸ್ವತಂತ್ರವೂ ಸ್ಪಷ್ಟವೂ ನಿರ್ಬಂಧರಹಿತವೂ ಆಗಿರಬೇಕೆಂದೂ, ಅದನ್ನು ಕೇಳುವ ಬಿನ್ನಹವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರಬೇಕೆಂದೂ ಅದು ವಿಧಿಸಿದೆ. ಕನ್ನಡವು ಆ ಅನುಸೂಚಿಯಲ್ಲಿದೆ. ವಕೀಲರ ಇಂಗ್ಲಿಷಿನಲ್ಲಿ ಬರೆದು, ‘ಒಪ್ಪಿದೆ’ ಎಂಬ ಗುಂಡಿಯನ್ನು ಮಾತ್ರ ಬಣ್ಣದಿಂದ ಮೆರೆಸಿ ಪಡೆದ ಸಮ್ಮತಿಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಯು ಸಮ್ಮತಿಯೆಂದು ಎಣಿಸಬಾರದು. ಅದೇ ಅಳತೆಯ ‘ಒಪ್ಪುವುದಿಲ್ಲ’ ಎಂಬ ಗುಂಡಿಯು ಕನ್ನಡದಲ್ಲಿ ಮೊದಲ ಪುಟದಲ್ಲಿಯೇ ಇರಲೆಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಕ್ರೋಮ್ ಬಳಸುವ ವಾಚಕರು ಅದರ ಸೆಟ್ಟಿಂಗ್ಸ್ ವಿಭಾಗಕ್ಕೆ ಹೋಗಿ ಮೂರನೆಯವರ ಕುಕೀಗಳನ್ನು ತಾವೇ ತಡೆಹಿಡಿಯಬಹುದು. ಆ ಅನುಕೂಲವನ್ನು ಕಂಪನಿಯು ತೆಗೆದುಹಾಕಿಲ್ಲ.