ಮೊದಲು ಬ್ರೇಕ್, ಆಮೇಲೆ ಬಣ್ಣ

ಪ್ರತಿ ಸೆಮಿಸ್ಟರಿನಲ್ಲಿ ಒಬ್ಬರಾದರೂ ನನ್ನನ್ನು ಕೇಳ್ತಾರೆ: "ಕೆಲಸ ಸಿಕ್ಕ ಮೇಲೆ ಒಂದು ಹಳೇ ಮಸ್ಟಾಂಗ್ ತಗೊಂಡು ನಮಗೆ ಬೇಕಾದ ಹಾಗೆ ರೆಡಿ ಮಾಡಿಸಿದ್ರೆ ಹೇಗೆ?" ನಾನು ಮೆಕ್ಯಾನಿಕಲ್ ಓದ್ತಿದ್ದೇನೆ ಅನ್ನೋದು ಒಂದು ಕಾರಣ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ನನ್ನ ಸೋದರಮಾವ 26 ವರ್ಷದಿಂದ ದುಡಿಯುತ್ತಿದ್ದಾರೆ ಅನ್ನೋದು ಇನ್ನೊಂದು. ಒಬ್ಬೊಬ್ಬರಿಗೇ ಉತ್ತರ ಹೇಳೋ ಬದಲು ಇಲ್ಲೇ ಬರೆದುಬಿಡ್ತೇನೆ. ತಗೊಳ್ಳಿ, ಮಾರ್ಪಾಡೂ ಮಾಡಿಸಿ. ಆದರೆ ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಲಾಗದ ಒಂದು ಕೆಲಸವನ್ನೂ ಮಾಡಿಸಬೇಡಿ. ಯಾಕಂದರೆ ಆ ಕಾರು ನಮ್ಮ ಕೈಯಲ್ಲಿ ಇರೋದು ನಮ್ಮ ವೀಸಾ ಇರೋವರೆಗೆ ಮಾತ್ರ.

ಹಳೇ ಕಾರನ್ನು ಮುಟ್ಟಲೇಬಾರದು ಅನ್ನೋ ಶುದ್ಧಾಚಾರದವರ ವಾದ ನನಗೆ ಒಪ್ಪಿಗೆಯಿಲ್ಲ. ಮಸಲ್ ಕಾರು ಹುಟ್ಟಿದ್ದೇ ಮಾರ್ಪಾಡಿನಿಂದ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮ ಇತ್ತು. 1964ರಲ್ಲಿ ಅದೇ ಕಂಪನಿಯ ಪಾಂಟಿಯಾಕ್ ವಿಭಾಗದವರು ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ 6.4 ಲೀಟರಿನ ಎಂಜಿನ್ ಇಳಿಸಿ, "ಇದು ಹೊಸ ಮಾಡೆಲ್ ಅಲ್ಲ, ಬರೀ ಆಪ್ಷನ್" ಅಂತ ಪಟ್ಟಿಗೆ ಸೇರಿಸಿದರು. ಅದೇ ಜಿಟಿಓ. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು. (ಮಸ್ಟಾಂಗ್ ಪೋನಿ ಕಾರು, ಮಸಲ್ ಅಲ್ಲ ಅಂತ ಜಗಳಕ್ಕೆ ನಿಲ್ಲೋರಿದ್ದಾರೆ. ಅದು ಕ್ಯಾಂಟೀನಿನಲ್ಲಿ ಆಗಲಿ.)

ಇನ್ನೊಂದು ವಿಷಯ ನನಗೆ ಯಾವಾಗಲೂ ಸೋಜಿಗ. 1973ರ ಅಕ್ಟೋಬರಿನಲ್ಲಿ ಅಬುಧಾಬಿಯೂ ಸೇರಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಬೆಲೆ ಏರಿತು. ಇನ್ಶೂರೆನ್ಸ್ ದರ ಮತ್ತು ಹೊಗೆಯ ಕಾನೂನಿನಿಂದ ಆಗಲೇ ಸೊರಗಿದ್ದ ಮಸಲ್ ಕಾರಿಗೆ ಅದು ಕೊನೆಯ ಪೆಟ್ಟು. ಅದೇ ತೈಲದ ದುಡ್ಡು ನಮ್ಮ ಕರಾವಳಿಯ ಹುಡುಗರನ್ನು ಇಲ್ಲಿಗೆ ಕರೆದುಕೊಂಡು ಬಂತು. ಈಗ ಆ ಕಾರುಗಳನ್ನು ಇಲ್ಲಿ ರಿಪೇರಿ ಮಾಡೋದು ನಮ್ಮ ಮಾವನಂಥವರು!

ಇರಲಿ, ವಿಷಯಕ್ಕೆ ಬರೋಣ. ನಮ್ಮ ಸಂಘದಲ್ಲೇ ಇದ್ದ, ದಾವಣಗೆರೆ ಕಡೆಯ ಸೀನಿಯರ್ ಅಣ್ಣ ಒಬ್ಬರು ದುಬೈಯಲ್ಲಿ ಕೆಲಸ ಸಿಕ್ಕ ಎರಡನೇ ವರ್ಷ 1966ರ ಮಸ್ಟಾಂಗ್ ತಗೊಂಡರು. ಬಿಳಿ ಬಣ್ಣ, ವಿ8 ಅಂತ ಹೇಳಿ ಮಾರಿದ್ದು. ಮೊದಲ ಮೂರು ತಿಂಗಳ ಉಳಿತಾಯ ಹೋಗಿದ್ದು ಕೆಂಪು ಬಣ್ಣಕ್ಕೆ, ಅಗಲದ ಚಕ್ರಗಳಿಗೆ, ಗುಡುಗುವ ಸೈಲೆನ್ಸರಿಗೆ. ಹಳೇ ಚಕ್ರಗಳನ್ನು ಗುಜರಿಗೆ ಹಾಕಿದರು. ಒಂದು ಶುಕ್ರವಾರ ಶೇಖ್ ಝಾಯೆದ್ ರಸ್ತೆಯಿಂದ ಇಳಿಯೋವಾಗ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ತಾಗಿತು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಹೇಗೋ ಮರಳಿನ ಬದಿಗೆ ತಂದು ನಿಲ್ಲಿಸಿದರು. ಪಕ್ಕದಲ್ಲಿ ನಾನಿದ್ದೆ. ಸೊಂಟಕ್ಕೆ ಮಾತ್ರ ಬೆಲ್ಟು, ಭುಜಕ್ಕೆ ಇಲ್ಲ.

ಆ ಕಾಲದ ಮಸ್ಟಾಂಗಿನಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಮುಂದಿನ ಡಿಸ್ಕ್ ಬೇಕಾದವರಿಗೆ ಮಾತ್ರ. ಅದಕ್ಕಿಂತ ಮುಖ್ಯ, 1966ರವರೆಗೆ ಬ್ರೇಕ್ ಆಯಿಲಿಗೆ ಒಂದೇ ದಾರಿ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಮಾಡಿದರು. ಹಾಗಾಗಿ ನಿಮ್ಮ ಮೊದಲ ದಿರ್ಹಮ್ ಹೋಗಬೇಕಾದ್ದು ಎರಡು ಭಾಗದ ಮಾಸ್ಟರ್ ಸಿಲಿಂಡರಿಗೆ, ಮುಂದಿನ ಡಿಸ್ಕ್ ಕಿಟ್ಟಿಗೆ, ಮೂರು ಬಿಂದುವಿನ ಬೆಲ್ಟಿಗೆ. ಎರಡನೆಯದು ರೇಡಿಯೇಟರಿಗೆ. ಆಗಸ್ಟಿನಲ್ಲಿ ಮುಸಫ್ಫಾದ ಸಿಗ್ನಲ್ಲಿನಲ್ಲಿ ಎಸಿ ಹಾಕಿ ನಿಲ್ಲಿಸಿ ನೋಡಿ, ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಡಿ ಕುಂತುಬಿಡುತ್ತೆ. ಇವನ್ನೆಲ್ಲ ಬೋಲ್ಟು ಬಿಚ್ಚಿ ಹಾಕಬಹುದು, ನಾಳೆ ತೆಗೆಯಲೂಬಹುದು. ಬಾಡಿ ಕತ್ತರಿಸಿ ಚಕ್ರಕ್ಕೆ ಜಾಗ ಮಾಡಿದರೆ ಹಾಗಲ್ಲ.

ಖರೀದಿಗೆ ಹೋಗುವಾಗ ಟಾರ್ಚು, ಆಯಸ್ಕಾಂತ, ಒಂದು ಬಾಟಲಿ ನೀರು ಒಯ್ಯಿರಿ. ಆಯಸ್ಕಾಂತ ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ. ಮುಂದಿನ ಗಾಜಿನ ಕೆಳಗಿನ ಜಾಲರಿಗೆ ನೀರು ಹುಯ್ದು ಒಳಗೆ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಒಳಗೆ ತುಕ್ಕು ತಿಂದಿದೆ. ಮರುಭೂಮಿ ಅಂದ ಮಾತ್ರಕ್ಕೆ ತುಕ್ಕಿಲ್ಲ ಅಂತಲ್ಲ, ನಾವಿರೋದು ಸಮುದ್ರದ ದಡದಲ್ಲಿ. ಆಮೇಲೆ ಚಾಸಿಸ್ ನಂಬರಿನ ಐದನೇ ಅಕ್ಷರ ಓದಿ. 1965, 66ರ ಮಸ್ಟಾಂಗಿನಲ್ಲಿ ಎ, ಸಿ, ಕೆ ಇದ್ದರೆ 289 ಘನ ಇಂಚಿನ ವಿ8. ಟಿ ಇದ್ದರೆ ಆರು ಸಿಲಿಂಡರ್. ಅಣ್ಣನ ಕಾರಿನಲ್ಲಿದ್ದದ್ದು ಟಿ! ಎಂಜಿನ್ ಮಾತ್ರ ಬದಲಾಯಿಸಿದ್ದರು, ಬ್ರೇಕು ಆರು ಸಿಲಿಂಡರಿನದ್ದೇ. ದುಡ್ಡು ಕೊಟ್ಟದ್ದು ವಿ8ಗೆ.

ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳಲ್ಲ. ಗದ್ದಲದ ಗಾಡಿಗೆ ಇಲ್ಲಿ 2,000 ದಿರ್ಹಮ್ ದಂಡ, 12 ಬ್ಲ್ಯಾಕ್ ಪಾಯಿಂಟ್.

"ಊರಿಗೆ ತಗೊಂಡು ಹೋಗ್ತೀನಿ ಬಿಡು" ಅನ್ನೋರಿಗೆ ಒಂದು ಮಾತು. ಭಾರತಕ್ಕೆ ಸಾಮಾನ್ಯ ಬಳಸಿದ ಕಾರು ತರಿಸಬೇಕಾದರೆ ಅದು ಮೂರು ವರ್ಷದೊಳಗಿನದ್ದಾಗಿರಬೇಕು, ಸ್ಟೀರಿಂಗ್ ಬಲಕ್ಕಿರಬೇಕು. ವಿಂಟೇಜ್ ಕಾರಿನ ದಾರಿ ಬೇರೆ, ಆದರೆ ಸುಂಕ ಸೇರಿಸಿ ಲೆಕ್ಕ ಹಾಕಿದರೆ ನಮ್ಮಂಥವರ ಕೈಗೆ ಎಟುಕೋದಲ್ಲ. ಎಟುಕಿದರೂ, 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 50 ವರ್ಷ ದಾಟಿರಬೇಕು, ಮತ್ತೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಕತ್ತರಿಸಿದ ಕಾರಿಗೆ ಅಲ್ಲೂ ಬಾಗಿಲು ಮುಚ್ಚಿತು.

ಬ್ರೇಕ್ ಹೋದ ಮರುದಿನ ಕಾರು ಮಾವನ ಗ್ಯಾರೇಜಿಗೆ ಬಂತು. ಡಿಸ್ಕ್ ಕಿಟ್ ಹಾಕುವಾಗ ಅಣ್ಣ "ಹಳೇದೆಲ್ಲ ಬಿಸಾಕಿ ಮಾವ" ಅಂದರು. ಮಾವ ಕೇಳಲಿಲ್ಲ. "ನಿಂಗೆ ಬೇಡ ಆದ್ರೆ ಇರ್ಲಿ ಮಾರಾಯ, ನಾಳೆ ಕೇಳುವವ ಬರ್ತಾನೆ. ಅವ್ನಿಗೆ ಎಂತ ಹೇಳುದು?" ಅಂದು ಡ್ರಮ್ಮುಗಳನ್ನು ಎಣ್ಣೆ ಹಚ್ಚಿ, ಪೇಪರಿನಲ್ಲಿ ಸುತ್ತಿ, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟರು.

ಮರುವರ್ಷ ಅಣ್ಣನ ಕೆಲಸ ಹೋಯಿತು. ಊರಿಗೆ ಹೊರಡೋ ಮೊದಲು ಕಾರು ಮಾರಬೇಕಿತ್ತು. ನೋಡಲು ಬಂದ ಎಮಿರಾತಿ ಹುಡುಗ ನಮ್ಮದೇ ವಯಸ್ಸಿನವನು. ಕೆಂಪು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಕೇಳಿದ್ದು, ಒರಿಜಿನಲ್ ಚಕ್ರ ಎಲ್ಲಿ? ಇಲ್ಲ ಅಂದಾಗ ಬೆಲೆ ಇಳಿಸಿದ. ಬ್ರೇಕ್ ಡ್ರಮ್? ಮಾವ ಏಣಿ ಹತ್ತಿ ಪೆಟ್ಟಿಗೆ ಇಳಿಸಿದರು. ಒಂದೊಂದು ಪೊಟ್ಟಣದ ಮೇಲೂ ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆದಿತ್ತು. ಹುಡುಗ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು, ಇದೇನು ಬರೆದಿರೋದು ಅಂತ ಕೇಳಿದ.

"ಎಡ ಮುಂದೆ" ಅಂತ ಓದಿ ಹೇಳಿದೆ.