ಕೆಲಸ ಹಂಚುವವನ ಕಾಯಕ ಯಾವುದು?



ಅನುಭಾವಗೋಷ್ಠಿ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಸಿರುಗುಪ್ಪದ ತಾಯಿಯೊಬ್ಬರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಮಗ ಮನೆಯಲ್ಲಿಯೇ ಕುಳಿತು ದೂರದ ಸಂಸ್ಥೆಯೊಂದಕ್ಕೆ ದುಡಿಯುತ್ತಾನೆ. ತಂಡದವರು ಮೂರು ಊರುಗಳಲ್ಲಿದ್ದಾರೆ. ಒಬ್ಬರ ಮುಖವನ್ನೊಬ್ಬರು ನೋಡಿಲ್ಲ. ಗ್ರಾಹಕರ ದೂರುಗಳಿಗೆ ಕೃತಕ ಬುದ್ಧಿಮತ್ತೆಯ ಯಂತ್ರವು ಮೊದಲು ಉತ್ತರ ಬರೆಯುತ್ತದೆ, ಈ ಹುಡುಗ ಅದನ್ನು ಓದಿ ತಿದ್ದಿ ಕಳುಹಿಸುತ್ತಾನೆ. ಅವನ ಗಣಕದ ಪರದೆಯ ಚಿತ್ರವನ್ನು ಆಗಾಗ ತೆಗೆದು ಮೇಲಿನವರಿಗೆ ಒಪ್ಪಿಸುವ ತಂತ್ರಾಂಶವೊಂದಿದೆ. ಕೀಲಿಮಣೆಯ ಮೇಲೆ ಬೆರಳು ಆಡದ ನಿಮಿಷಗಳೆಲ್ಲ ಅದರ ಲೆಕ್ಕದಲ್ಲಿ ಸೋಮಾರಿತನ. ಒಂದು ದಿನ ಯಂತ್ರ ಬರೆದ ತಪ್ಪೊಂದು ಕಣ್ತಪ್ಪಿ ಹೊರಟುಹೋಯಿತು. ಹಿಂದಿನ ತಿಂಗಳು ಕೆಲಸ ಚುರುಕಾದಾಗ ಹೊಗಳಿಕೆ ಯಂತ್ರಕ್ಕೂ ಅದನ್ನು ತಂದ ಮೇಲಧಿಕಾರಿಗೂ ಸಂದಿತ್ತು. ಈಗ ಎಚ್ಚರಿಕೆಯ ಪತ್ರ ಮಾತ್ರ ಹುಡುಗನ ಹೆಸರಿಗೆ ಬಂದಿತು. "ಇದಕ್ಕೂ ಕಾಯಕ ಅಂತಾರೇನ್ರೀ ಶರಣರೆ?" ಎಂದು ಆ ತಾಯಿ ಕೇಳಿದರು.

ಆ ಕ್ಷಣಕ್ಕೆ ನಾವು ಸಮಾಧಾನದ ಎರಡು ಮಾತು ಹೇಳಿ ಕಳುಹಿಸಿದೆವು. ಹಾಗೆ ಕಳುಹಿಸಬಾರದಿತ್ತು. ಆ ಪ್ರಶ್ನೆಗೆ ನೇರವಾದ ಉತ್ತರ ಸಲ್ಲಬೇಕಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹುಡುಗನ ದುಡಿಮೆ ಕಾಯಕವೇ ಹೌದು. ಕಾಯಕವಲ್ಲದ್ದು ಮೇಲೆ ಕುಳಿತವನ ಕೆಲಸ. ಕೆಲಸವನ್ನು ಹಂಚುವವನಿಗೂ ಒಂದು ಕಾಯಕವುಂಟು: ಯಾರಿಗೆ ಏನು, ಏಕೆ, ಎಷ್ಟು ಎಂಬುದನ್ನು ತಿಳಿದು ಹಂಚುವುದು, ಹಂಚಿದ್ದರ ಫಲಾಫಲಕ್ಕೆ ತಾನೂ ಹೆಗಲು ಕೊಡುವುದು. ಅದನ್ನು ಬಿಟ್ಟು ಪರದೆಯ ಚಿತ್ರ ಎಣಿಸುತ್ತ ಕುಳಿತವನು ಕಾವಲುಗಾರನಾದಾನೇ ಹೊರತು ನಾಯಕನಾಗಲಾರ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಕಥೆ ನಿಮಗೆ ತಿಳಿಯದ್ದಲ್ಲ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ನಾವು ದುಡಿಯುವವನ ಸಂಯಮಕ್ಕೆ ಮಾತ್ರ ಅನ್ವಯಿಸಿ ಸುಮ್ಮನಾಗುತ್ತೇವೆ. ದುಡಿಸುವವನಿಗೂ ಅದು ಅನ್ವಯಿಸುವುದಿಲ್ಲವೇ? ಯಂತ್ರದಿಂದ ಇಬ್ಬರ ಕೆಲಸ ಒಬ್ಬನಿಂದಾಗುವಂತಾದಾಗ, ಉಳಿದ ಆ ಹೆಚ್ಚಿನ ಅಕ್ಕಿ ಯಾರದು? ಹುಡುಗನ ವಿಶ್ರಾಂತಿಗೋ, ಕೂಲಿಗೋ ಒಂದು ಹಿಡಿಯೂ ಬಾರದೆ ಎಲ್ಲವೂ ಮೇಲಿನ ಕಣಜಕ್ಕೆ ಹೋದರೆ, ಲಕ್ಕಮ್ಮನ ಮುಂದೆ ಆ ಸಂಸ್ಥೆಯವರು ಚೀಲ ಬಿಚ್ಚಿ ತೋರಿಸಬಲ್ಲರೇ? ಇಷ್ಟಾಗಿಯೂ ಕಾಯಕ-ಕೈಲಾಸದ ಮಾತನ್ನು ಕಚೇರಿಯ ಗೋಡೆಗೆ ಚಂದವಾಗಿ ಬರೆಸುವವರು ಇವರೇ. ಶರಣರು ತಮಗೆ ತಾವೇ ಹಾಕಿಕೊಂಡ ನೇಮವನ್ನು ಪರರ ಬೆನ್ನಿಗೆ ಬಾರುಕೋಲಾಗಿ ಬಳಸುವುದು ಶರಣದ್ರೋಹ.

ಚದುರಿದ ತಂಡವೆಂಬುದು ಹೊಸತೆಂದೂ, ಅದಕ್ಕೆ ಹೊಸ ಕಾವಲು ಬೇಕೆಂದೂ ಹೇಳುವವರು ಬಳ್ಳಾರಿಯ ಓಣಿಗಳಲ್ಲಿ ಒಮ್ಮೆ ನಡೆದುಬರಲಿ. ನಮ್ಮ ಜೀನ್ಸ್ ಒಂದು ಸೂರಿನಡಿ ಹುಟ್ಟಿದ್ದಲ್ಲ. ಒಂದು ಕಡೆ ಬಟ್ಟೆ ಕತ್ತರಿಸುತ್ತಾರೆ, ಇನ್ನೊಂದು ಕಡೆ ಹೊಲಿಯುತ್ತಾರೆ, ಮತ್ತೊಂದು ಕಡೆ ಗುಂಡಿ ಹಾಕುತ್ತಾರೆ, ಒಗೆಯುತ್ತಾರೆ. ಮನೆಯಂಗಳದಲ್ಲಿ ಕುಳಿತ ತಾಯಂದಿರು ಉಳಿದ ದಾರ ಕತ್ತರಿಸುತ್ತಾರೆ. ಪೀಸಿನ ಲೆಕ್ಕದ ಆ ಬದುಕು ಸುಖದ್ದೆಂದು ನಾವು ಹೇಳುತ್ತಿಲ್ಲ, ಅಲ್ಲಿಯೂ ಅನ್ಯಾಯವುಂಟು. ಆದರೆ ಕತ್ತರಿ ತಪ್ಪಿದ ಬಟ್ಟೆಗಾಗಿ ಹೊಲಿದವಳ ಕೂಲಿ ಹಿಡಿದರೆ ಓಣಿಗೆ ಓಣಿಯೇ ಎದ್ದು ಕೇಳುತ್ತದೆ. ತಪ್ಪು ಯಾವ ಕೈಯಲ್ಲಿ ಆಯಿತೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಗಣಕದ ಓಣಿಯಲ್ಲಿ ಕೇಳುವವರಿಲ್ಲ. ಪ್ರತಿಯೊಬ್ಬನೂ ತನ್ನ ಕೋಣೆಯಲ್ಲಿ ಒಂಟಿ. ಕೆಲಸವನ್ನು ಚೂರುಚೂರಾಗಿ ಒಡೆದುದರ ಲಾಭ ಸಂಸ್ಥೆಗಾದರೆ, ಒಂಟಿಯಾದುದರ ನಷ್ಟ ಹುಡುಗನಿಗೆ.

ಇನ್ನು ನಾಯಕತ್ವ ಹೇಗಿರಬೇಕೆಂಬುದಕ್ಕೆ ವಿದೇಶದ ಗ್ರಂಥಗಳನ್ನು ತಿರುವಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿರುಗುಪ್ಪದ ಭತ್ತದ ಗದ್ದೆಗಳ ಜೀವವೇ ಆ ನೀರು. ತಾತ್ಕಾಲಿಕ ಗೇಟಿನ ತುಂಡುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ ತಂದು, ಹರಿಯುವ ನೀರಿಗೆ ಎದುರಾಗಿ, ಸುಮಾರು ಒಂದು ವಾರದೊಳಗೆ ಕೂರಿಸಲಾಯಿತು. ಅದೂ ಚದುರಿದ ತಂಡವೇ. ಆದರೆ ತಜ್ಞ ಕನ್ನಯ್ಯ ನಾಯ್ಡು ಅವರು ಇಳಿವಯಸ್ಸಿನಲ್ಲಿಯೂ ಅಣೆಕಟ್ಟೆಯ ಮೇಲೆ ನಿಂತಿದ್ದರು. ಕೆಲಸ ಕೆಟ್ಟಿದ್ದರೆ ಜಗತ್ತು ಮೊದಲು ಕೇಳುತ್ತಿದ್ದುದು ಅವರ ಹೆಸರನ್ನು. ಅಪಾಯದ ಪಕ್ಕದಲ್ಲಿ ನಿಲ್ಲುವ ಹಕ್ಕೇ ಆಜ್ಞೆ ಮಾಡುವ ಹಕ್ಕು. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆಯುವಾಗಲೂ ಹಾಗೆಯೇ: ಹಗ್ಗ ಹಿಡಿದವರು ನೂರಾರು, ಗಾಲಿಯ ಪಕ್ಕ ನಿಂತು ಅಡ್ಡಮರ ಕೊಟ್ಟು ದಾರಿ ತೋರುವವರು ಕೆಲವರು. ಮಾಳಿಗೆಯ ಮೇಲೆ ಕುಳಿತು ಯಾರ ಕೈ ಎಷ್ಟು ಸಲ ಹಗ್ಗ ಜಗ್ಗಿತೆಂದು ಎಣಿಸುವವನಿಗೆ ತೇರಿನಲ್ಲಿ ಜಾಗವಿಲ್ಲ.

ಎಣಿಸುವವನ ಅಜ್ಞಾನವನ್ನೂ ಇಲ್ಲಿ ಬಿಚ್ಚಿ ಹೇಳಬೇಕು. ಈ ಯಂತ್ರವು ತಾನು ಓದಿದ ಅಪಾರ ಬರಹದ ಆಧಾರದಿಂದ ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ ಬರೆಯುತ್ತದೆ. ಸುಳ್ಳನ್ನೂ ಸತ್ಯದಷ್ಟೇ ಸೊಗಸಾಗಿ ಬರೆಯಬಲ್ಲದು. ಆದುದರಿಂದ ಅದರೊಡನೆ ದುಡಿಯುವವನ ಮುಖ್ಯ ಕೆಲಸ ನಿಧಾನವಾಗಿ ಓದುವುದು, ಅನುಮಾನಿಸುವುದು, ಹೋಲಿಸಿ ನೋಡುವುದು. ಹೀಗೆ ಓದುವಾಗ ಬೆರಳು ಆಡುವುದಿಲ್ಲ. ಬೆರಳು ಆಡದಿದ್ದರೆ ತಂತ್ರಾಂಶವು ಸೋಮಾರಿಯೆಂದು ಬರೆದುಕೊಳ್ಳುತ್ತದೆ. ಎಂದ ಮೇಲೆ, ಸರಿಯಾಗಿ ಪರೀಕ್ಷಿಸುವವನಿಗೆ ದಂಡ, ಓದದೆ ಗುಂಡಿ ಒತ್ತುವವನಿಗೆ ಬಹುಮಾನ! ಆ ಹುಡುಗನ ಕಣ್ತಪ್ಪಿಗೆ ಕಾರಣ ಯಾರು? ತಪ್ಪನ್ನು ಬಿತ್ತಿದವರೇ ಬೆಳೆದ ತಪ್ಪಿಗೆ ಅವನನ್ನು ದೂರುತ್ತಿದ್ದಾರೆ.

ಯಂತ್ರದ ಜಾಣತನವಾದರೂ ಎಲ್ಲಿಯದು? ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಗೂಗಲ್ ಕೂಡಿ ನಡೆಸಿದ ವಾಣಿ ಯೋಜನೆಯಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಜನರ ಮಾತೂ ಧ್ವನಿಮುದ್ರಣಗೊಂಡಿದೆ. ಜನಸಾಮಾನ್ಯರ ನಾಲಗೆಯಿಂದಲೇ ಯಂತ್ರ ನುಡಿ ಕಲಿಯುತ್ತದೆ. ಬೆಂಗಳೂರಿನಲ್ಲಿ 2021ರಲ್ಲಿ ಆರಂಭವಾದ ಕಾರ್ಯ ಎಂಬ ಲಾಭರಹಿತ ಸಂಸ್ಥೆಯು ಕರ್ನಾಟಕದ ಹಳ್ಳಿಗರಿಂದ ಕನ್ನಡ ವಾಕ್ಯಗಳನ್ನು ಓದಿಸಿದಾಗ ಗಂಟೆಗೆ ಸುಮಾರು 5 ಡಾಲರಿನ ಲೆಕ್ಕದಲ್ಲಿ ಕೂಲಿ ಕೊಟ್ಟಿತು. ಆ ಧ್ವನಿಯನ್ನು ಮತ್ತೆ ಮಾರಿದರೆ ಓದಿದವರಿಗೆ ಮತ್ತೆ ಪಾಲು ಸಲ್ಲಬೇಕೆಂಬ ನಿಯಮವನ್ನೂ ಇಟ್ಟುಕೊಂಡಿತು. ಚದುರಿದ ಜನರೊಡನೆ ನ್ಯಾಯವಾಗಿ ನಡೆದುಕೊಳ್ಳಲು ಸಾಧ್ಯವೇ ಇಲ್ಲವೆನ್ನುವವರ ಬಾಯಿ ಮುಚ್ಚಿಸಲು ಈ ಒಂದು ನಿದರ್ಶನ ಸಾಕು.

"ಊರಿನಲ್ಲಿಯೇ ಕುಳಿತು ಸಂಬಳ ಬರುತ್ತಿದೆ, ಬಾಡಿಗೆಯಿಲ್ಲ, ತಂದೆತಾಯಿ ಹತ್ತಿರವಿದ್ದಾರೆ; ಇನ್ನೇನು ಬೇಕು?" ಎಂದು ಹಿರಿಯರು ಕೆಲವರು ಕೇಳುತ್ತಾರೆ. ನಿಜ, ಮಕ್ಕಳು ಊರಿನಲ್ಲಿ ಉಳಿಯುವುದು ದೊಡ್ಡ ಭಾಗ್ಯ. ಆದರೆ ಮನೆ ಕೊಟ್ಟವರು, ಅನ್ನ ಬಡಿಸುವವರು ನಾವು. ಸಂಸ್ಥೆಯವರು ಉಪಕಾರ ಮಾಡುತ್ತಿದ್ದಾರೆಂಬ ಭ್ರಮೆ ಬೇಡ. ಕಚೇರಿಯ ಖರ್ಚು ಅವರಿಗೂ ಉಳಿದಿದೆ. ಉಪಕಾರದ ಹೆಸರಿನಲ್ಲಿ ಊಟದ ಹೊತ್ತು, ಲಿಂಗಪೂಜೆಯ ಹೊತ್ತು, ನಿದ್ದೆಯ ಹೊತ್ತುಗಳನ್ನು ಒತ್ತೆಯಿಡಿಸಿಕೊಳ್ಳುವುದು ಯಾವ ನೀತಿ?

ನಮ್ಮ ಯುವಕರಿಗೂ ಕಟುವಾದ ಒಂದು ಮಾತು. ಯಂತ್ರ ಬರೆದುದನ್ನು ಓದದೆ ತಮ್ಮ ಹೆಸರಿನಲ್ಲಿ ಒಪ್ಪಿಸುವುದೂ ಕಳವೇ. ಅದನ್ನು ಸ್ವತಃ ಪರೀಕ್ಷಿಸದೆ ಕೂಲಿ ತೆಗೆದುಕೊಂಡರೆ ಸತ್ಯಶುದ್ಧ ಕಾಯಕವಾಗದು. ಪರೀಕ್ಷಿಸಲು ಹೊತ್ತು ಕೊಡಿರೆಂದು ಕೇಳುವ ಹಕ್ಕು ಇರುವುದು ಕೊಟ್ಟ ಹೊತ್ತಿನಲ್ಲಿ ಪರೀಕ್ಷಿಸುವವನಿಗೆ.

ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾನೂನು ತಂದಿತು. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಡನೆ 14 ದಿನಗಳ ಮುನ್ಸೂಚನೆ ಕೊಡಬೇಕು. ಯಂತ್ರದ ಮೂಲಕ ನಿಗಾ ಇಡುವುದು, ತೀರ್ಮಾನಿಸುವುದು ಇದ್ದರೆ ಕಾರ್ಮಿಕನಿಗೆ ತಿಳಿಸಬೇಕು ಎಂಬುದು ಅದರಲ್ಲಿದೆ. ಆದರೆ ಮನೆಯಲ್ಲಿ ಕುಳಿತ ಸಂಬಳದ ನೌಕರನಿಗೆ ಆ ಕಾನೂನು ಅನ್ವಯಿಸದು. ಅನ್ನದ ಪೊಟ್ಟಣ ತಲುಪಿಸುವ ಹುಡುಗನಿಗೆ ಸಲ್ಲುವ ನ್ಯಾಯ ಇವನಿಗೇಕೆ ಸಲ್ಲಬಾರದು?

ನಮ್ಮ ಭಕ್ತರಲ್ಲಿ ಹತ್ತು ಜನರನ್ನು ದುಡಿಸುವವರೂ ಇದ್ದಾರೆ, ಅಕ್ಕಿ ಗಿರಣಿಯವರಿದ್ದಾರೆ, ಗಣಕದ ಉದ್ಯಮಿಗಳಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಪ್ರತಿ ಕೆಲಸಕ್ಕೂ ಹೊಣೆ ಹೊರುವ ಒಬ್ಬ ಮನುಷ್ಯನ ಹೆಸರಿರಲಿ, ಆ ಹೆಸರು ಮೊದಲು ನಿಮ್ಮದಾಗಿರಲಿ. ಪರದೆಯ ಚಿತ್ರ ಬಿಟ್ಟು ಮುಗಿದ ಕೆಲಸವನ್ನು ನೋಡಿ. ಪರೀಕ್ಷಿಸುವ ಹೊತ್ತನ್ನು ದುಡಿಮೆಯೆಂದೇ ಎಣಿಸಿ. ಯಂತ್ರದಿಂದ ಉಳಿದ ಹೊತ್ತಿನಲ್ಲಿ ದುಡಿದವನಿಗೆ ಪಾಲು ಕೊಡಿ. ವಾರಕ್ಕೊಮ್ಮೆಯಾದರೂ ಅವನ ಮಾತನ್ನು ನಿಮ್ಮ ಕಿವಿಯಿಂದಲೇ ಕೇಳಿ.

ತಾಯೇ, ನಿಮ್ಮ ಮಗನ ದುಡಿಮೆ ಕಾಯಕವೇ. ಅದರ ಘನತೆಯನ್ನು ಕೇಳಿ ಪಡೆಯುವುದೂ ಅವನ ಕಾಯಕದ ಒಂದು ಭಾಗ. ಆ ಎಚ್ಚರಿಕೆಯ ಪತ್ರಕ್ಕೆ ಅವನು ಉತ್ತರ ಬರೆಯಲಿ. ಯಂತ್ರದಿಂದ ಬರೆಸದೆ ತನ್ನ ಕೈಯಾರೆ ಬರೆಯಲಿ.