ಮೇಲಿನ ಸಂದೇಶ ಕೆಳಗೆ ತಲುಪದಿದ್ದಾಗ

‘ಹಾರ್ಟಿನಲ್ಲಿ ಬ್ಲಾಕ್ ಇದೆಯಂತೆ’ ಎಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿದೆ ಎಂಬುದು ಸಾಮಾನ್ಯವಾಗಿ ಅದರ ಅರ್ಥ. ಆದರೆ ವೈದ್ಯಶಾಸ್ತ್ರದಲ್ಲಿ ‘ಹಾರ್ಟ್ ಬ್ಲಾಕ್’ ಎಂದರೆ ಬೇರೆಯೇ. ಅಲ್ಲಿ ತಡೆಯಾಗುವುದು ರಕ್ತಕ್ಕಲ್ಲ, ವಿದ್ಯುತ್ ಸಂದೇಶಕ್ಕೆ.

ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ‘ಎಸ್.ಎ. ಗಂಟು’ ಎಂಬ ಪುಟ್ಟ ಅಂಗಾಂಶವಿದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸುಮಾರು ೭೨ ಬಾರಿ ವಿದ್ಯುತ್ ಸಂದೇಶ ಹೊರಡಿಸುತ್ತದೆ. ಮೊದಲು ಹೃತ್ಕರ್ಣಗಳು ಸಂಕುಚಿಸುತ್ತವೆ. ಸಂದೇಶವು ‘ಎ.ವಿ. ಗಂಟಿ’ನಲ್ಲಿ ಅರೆಕ್ಷಣ ನಿಂತು, ‘ಹಿಸ್ ತಂತುಗುಚ್ಛ’ದ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇರುವ ದಾರಿ ಇದೊಂದೇ.

ಮುಪ್ಪಿನಲ್ಲಿ ಈ ತಂತುಗಳು ಗಡುಸಾಗುವುದರಿಂದ, ಹೃದಯಾಘಾತ ಅಥವಾ ಸೋಂಕಿನಿಂದ, ಕೆಲವು ಔಷಧಿಗಳಿಂದ ಈ ದಾರಿ ಮುಚ್ಚಬಹುದು. ಅಪರೂಪಕ್ಕೆ ಹುಟ್ಟುವಾಗಲೇ ಹಾಗಿರುತ್ತದೆ. ಸಂದೇಶವೊಂದೂ ದಾಟದಿದ್ದರೆ ಅದೇ ಸಂಪೂರ್ಣ ಹಾರ್ಟ್ ಬ್ಲಾಕ್. ಆಗ ಹೃತ್ಕರ್ಣಗಳು ೭೨ರ ಲಯದಲ್ಲೇ ಮಿಡಿಯುತ್ತಿರುತ್ತವೆ. ಹೃತ್ಕುಕ್ಷಿಗಳು ತಮ್ಮದೇ ಆದ ನಿಧಾನ ಲಯ ಹಿಡಿಯುತ್ತವೆ: ಹೆಚ್ಚಾಗಿ ನಿಮಿಷಕ್ಕೆ ೩೦ರಿಂದ ೪೦. ಒಂದೇ ಮನೆಯಲ್ಲಿ ಎರಡು ಗಡಿಯಾರ, ಒಂದಕ್ಕೊಂದು ಸಂಬಂಧವಿಲ್ಲ!

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಒಂದು ಮಿಡಿತಕ್ಕೆ ೭೦ ಮಿಲಿಲೀಟರ್‌ನಂತೆ ೭೨ ಮಿಡಿತಕ್ಕೆ ಸುಮಾರು ೫ ಲೀಟರ್ ರಕ್ತ. ಮಿಡಿತ ೩೫ಕ್ಕೆ ಇಳಿದರೆ ಎರಡೂವರೆ ಲೀಟರ್ ಮಾತ್ರ. ಹೃದಯ ಸುಮ್ಮನಿರುವುದಿಲ್ಲ. ಎರಡು ಮಿಡಿತಗಳ ನಡುವಿನ ಬಿಡುವು ದೀರ್ಘವಾದ್ದರಿಂದ ಹೃತ್ಕುಕ್ಷಿ ಹೆಚ್ಚು ತುಂಬಿಕೊಳ್ಳುತ್ತದೆ. ಹಿಗ್ಗಿದ ಸ್ನಾಯು ಹೆಚ್ಚು ಬಲದಿಂದ ರಕ್ತವನ್ನು ನೂಕುತ್ತದೆ. ಹೀಗಾಗಿ ರಕ್ತದೊತ್ತಡದ ಮೇಲಿನ ಅಂಕಿ ಏರುತ್ತದೆ. ದೀರ್ಘ ಬಿಡುವಿನಲ್ಲಿ ಅಪಧಮನಿಗಳಿಂದ ರಕ್ತ ಹರಿದುಹೋಗುವುದರಿಂದ ಕೆಳಗಿನ ಅಂಕಿ ಇಳಿಯುತ್ತದೆ. ಕೆಲವೊಮ್ಮೆ ಹೃತ್ಕರ್ಣವು ಮುಚ್ಚಿದ ಕವಾಟದ ವಿರುದ್ಧವೇ ಸಂಕುಚಿಸುತ್ತದೆ. ಆಗ ರಕ್ತ ಹಿಂದಕ್ಕೆ ಚಿಮ್ಮಿ, ಕುತ್ತಿಗೆಯ ಅಭಿಧಮನಿ ಥಟ್ಟನೆ ಉಬ್ಬುವುದು ಕಾಣುತ್ತದೆ.

ಕುಳಿತಿದ್ದಾಗ ಈ ಹೊಂದಾಣಿಕೆ ಹೇಗೋ ಸಾಕಾದೀತು. ಮೆಟ್ಟಿಲು ಹತ್ತುವಾಗ ಸಾಲದು. ಮಿಡಿತ ಬೇಕಾದಷ್ಟು ಏರುವುದಿಲ್ಲ. ಸುಸ್ತು, ಏದುಸಿರು, ತಲೆಸುತ್ತು ಬರುತ್ತವೆ. ತಿಂಗಳುಗಟ್ಟಲೆ ಹೀಗೇ ದುಡಿದ ಹೃದಯ ಹಿಗ್ಗಿ ಸೋಲಬಹುದು. ಹೃತ್ಕುಕ್ಷಿ ಕೆಲವು ಸೆಕೆಂಡು ಪೂರ್ತಿ ನಿಂತರಂತೂ ಮಿದುಳಿಗೆ ರಕ್ತವಿಲ್ಲದೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ನಿಲುಗಡೆ ಮುಂದುವರಿದರೆ ಪ್ರಾಣವೇ ಹೋಗಬಹುದು. ಡಬ್ಲಿನ್ನಿನ ವೈದ್ಯರಾದ ರಾಬರ್ಟ್ ಆ್ಯಡಮ್ಸ್ ೧೮೨೭ರಲ್ಲಿ, ವಿಲಿಯಂ ಸ್ಟೋಕ್ಸ್ ೧೮೪೬ರಲ್ಲಿ ಇಂಥ ರೋಗಿಗಳನ್ನು ವರ್ಣಿಸಿದರು. ಈ ಮೂರ್ಛೆಗೆ ಅವರಿಬ್ಬರ ಹೆಸರೇ ನಿಂತಿದೆ.

ಸ್ವೀಡನ್ನಿನ ಆರ್ನೆ ಲಾರ್ಸನ್ ದಿನಕ್ಕೆ ಹಲವು ಬಾರಿ ಹೀಗೆ ಮೂರ್ಛೆ ಹೋಗುತ್ತಿದ್ದರು. ಪತ್ನಿಯ ಒತ್ತಾಯಕ್ಕೆ ಮಣಿದ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ೧೯೫೮ರ ಅಕ್ಟೋಬರ್ ೮ರಂದು ಅವರ ದೇಹದೊಳಗೆ ಇರಿಸಿದರು. ಮಾನವ ದೇಹದೊಳಗೆ ಪೂರ್ತಿಯಾಗಿ ಇರಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು, ಇನ್ನೊಂದನ್ನು ಹಾಕಲಾಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬದಲಾಯಿಸಿಕೊಂಡ ಲಾರ್ಸನ್, ಆ ವೈದ್ಯ ಮತ್ತು ಎಂಜಿನಿಯರ್ ಇಬ್ಬರಿಗಿಂತ ಹೆಚ್ಚು ಕಾಲ ಬದುಕಿ, ೨೦೦೧ರಲ್ಲಿ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಶಾಲೆಯ ಪ್ರಾರ್ಥನೆಯ ವೇಳೆ ಬಿಸಿಲಿನಲ್ಲಿ ನಿಂತು ತಲೆಸುತ್ತಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಥ ತೊಂದರೆ ಇರುವುದಿಲ್ಲ. ದಿನವೂ ಓಟದ ಅಭ್ಯಾಸ ಮಾಡುವವರ ನಾಡಿ ನಿಧಾನವಾಗಿರುವುದೂ ಸಹಜ. ಆದರೆ ಓಡುವಾಗಲೇ ಅಥವಾ ಯಾವ ಮುನ್ಸೂಚನೆಯೂ ಇಲ್ಲದೆ ಮೂರ್ಛೆ ಹೋದರೆ, ‘ನಿಶ್ಶಕ್ತಿ’ ಎಂದು ಟಾನಿಕ್ ಕುಡಿಸಿ ಸುಮ್ಮನಾಗಬಾರದು. ಮಕ್ಕಳಾಗಲಿ, ಮನೆಯ ಹಿರಿಯರಾಗಲಿ, ತಡಮಾಡದೆ ವೈದ್ಯರಿಗೆ ತೋರಿಸಿ ಇ.ಸಿ.ಜಿ. ಮಾಡಿಸಬೇಕು. ಕೆಲವೇ ನಿಮಿಷಗಳ, ನೋವಿಲ್ಲದ ಆ ಪರೀಕ್ಷೆಯ ಕಾಗದದ ಮೇಲೆ ಎರಡು ಗಡಿಯಾರಗಳ ಜಗಳ ಸ್ಪಷ್ಟವಾಗಿ ಕಾಣಬಹುದು. ತಡೆ ಆಗಾಗ ಮಾತ್ರ ಬಂದುಹೋಗುತ್ತಿದ್ದರೆ, ವೈದ್ಯರು ಇನ್ನಷ್ಟು ಹೊತ್ತು ಮಿಡಿತವನ್ನು ದಾಖಲಿಸಿ ನೋಡುತ್ತಾರೆ.